ಮುಖ ಯಾಕೆ ಕಪ್ಪಗೆ ಬಂತು? ಹೊರಗೆ ತೆಗೆದ ಫೋಟೊಗಳ ದೋಷ ಹುಡುಕುವ ಕೈಪಿಡಿ

ಹೋದ ನವೆಂಬರಿನ ಒಂದು ಭಾನುವಾರ ಮಂಡ್ಯದಿಂದ ನಮ್ಮ ಭಾವ ವಾಟ್ಸ್ಯಾಪ್‌ನಲ್ಲಿ ಹದಿನಾಲ್ಕು ಫೋಟೊ ಕಳಿಸಿದರು. ಮನೆಮಂದಿಯೆಲ್ಲ ಮೈಸೂರು ಅರಮನೆ ನೋಡಲು ಬಂದಿದ್ದರು. ಹದಿನಾಲ್ಕರಲ್ಲೂ ಏಳು ಜನ ಅರಮನೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಹಿಂದೆ ಆಕಾಶ ಬೆಳ್ಳಗೆ ಹೊಳೆಯುತ್ತಿದೆ. ಮುಖಗಳು ಮಾತ್ರ ಇದ್ದಿಲು. ಜೊತೆಗೊಂದು ವಾಯ್ಸ್ ಮೆಸೇಜು: “ಇಪ್ಪತ್ತೆರಡ್ ಸಾವ್ರ ಕೊಟ್ ತಗಂಡಿದ್ ಫೋನ್ ಕಣಪ್ಪ. ಆರ್ ತಿಂಗ್ಳಿಗೇ ಕ್ಯಾಮ್ರಾ ಹೋಗ್ಬುಡ್ತಾ? ಸರ್ವಿಸ್‌ಗೆ ಕೊಡ್ಬೇಕಾ?”

ಫೋನಿಗೆ ಏನೂ ಆಗಿರಲಿಲ್ಲ. ಫೋಟೊ ತೆಗೆದದ್ದು ಸಂಜೆ ಐದಕ್ಕೆ. ಮೈಸೂರು ಅರಮನೆಯ ಮುಖ ಇರುವುದು ಪೂರ್ವಕ್ಕೆ. ಸಂಜೆ ಹೊತ್ತು ಸೂರ್ಯ ಅದರ ಬೆನ್ನಿಗಿರುತ್ತಾನೆ. ಕಾಯಿಲೆ ಅಷ್ಟೇ.

ನಾನು ಮೈಸೂರಿನಲ್ಲಿ ಮದುವೆ, ನಾಮಕರಣದ ಫೋಟೊ ತೆಗೆಯುವವನು. ಇಂಥ ಫೋಟೊಗಳು, ಇಂಥ ಪ್ರಶ್ನೆಗಳು ನನಗೆ ವಾರಕ್ಕೆ ಒಂದಾದರೂ ಬರುತ್ತವೆ. ಎಲ್ಲರೂ ಮೊದಲು ಬೈಯುವುದು ಕ್ಯಾಮೆರಾವನ್ನೇ. ನಾನು ಮೊದಲು ಕೇಳುವುದು ಮಾತ್ರ ಬೇರೆ: ತೆಗೆಯುವಾಗ ನಿಮ್ಮ ನೆರಳು ಯಾವ ಕಡೆ ಬಿದ್ದಿತ್ತು? ಇದಕ್ಕೆ ಉತ್ತರ ಸಿಕ್ಕರೆ ಹತ್ತರಲ್ಲಿ ಏಳೆಂಟು ಫೋಟೊಗಳ ದೋಷ ಅಲ್ಲೇ ಗೊತ್ತಾಗಿಬಿಡುತ್ತದೆ.

ಯಂತ್ರದ ತಪ್ಪೋ, ಬೆಳಕಿನ ತಪ್ಪೋ?

ಮೊದಲು ಇದನ್ನು ಬೇರೆ ಮಾಡಿಕೊಳ್ಳಬೇಕು. ಬಯಲಲ್ಲಿ ಒಬ್ಬರನ್ನು ನಿಲ್ಲಿಸಿ. ಅವರ ಸುತ್ತ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುತ್ತಾ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ತೆಗೆಯಿರಿ. ಅವರೂ ನಿಮ್ಮ ಕಡೆಗೇ ತಿರುಗುತ್ತಾ ಹೋಗಲಿ. ಒಂದರಲ್ಲಿ ಮುಖ ಕಪ್ಪು, ಇನ್ನೊಂದರಲ್ಲಿ ಚೆನ್ನಾಗಿದೆ ಅಂದರೆ ಅದು ಬೆಳಕಿನ ವಿಷಯ. ನಾಲ್ಕರಲ್ಲೂ ದೋಷ ಒಂದೇ ಥರ ಇದ್ದರೆ ಆಗ ಮಾತ್ರ ಯಂತ್ರದ ಮೇಲೆ ಅನುಮಾನ ಪಡಿ.

ಯಂತ್ರದಲ್ಲೂ ಮೊದಲು ಲೆನ್ಸ್ ಒರೆಸಿ. ನಗಬೇಡಿ. ಜೇಬಲ್ಲಿ, ವ್ಯಾನಿಟಿ ಬ್ಯಾಗಲ್ಲಿ ಬಿದ್ದಿರುವ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಯಾವಾಗಲೂ ಇರುತ್ತದೆ. ಒಬ್ಬಟ್ಟು ತಿಂದ ಕೈ ತಗುಲಿದರಂತೂ ಮುಗಿಯಿತು. ಗುರುತು ಸುಲಭ: ಫೋಟೊ ಇಡೀ ಮಂಜು ಕವಿದಂತಿರುತ್ತದೆ. ದೀಪಗಳಿಂದ, ಹೊಳೆಯುವ ಒಡವೆಗಳಿಂದ ಒಂದೇ ಕಡೆಗೆ ಗೆರೆ ಎಳೆದ ಹಾಗೆ ಬೆಳಕು ಹರಡಿರುತ್ತದೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ ಇನ್ನೊಂದು ತೆಗೆದು ನೋಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಸೆಟ್ಟಿಂಗ್. ಹಿಂದಿನ ದಿನ ಬದಲಾಯಿಸಿದ್ದನ್ನು ವಾಪಸ್ ಇಡುವುದು ಮರೆತಿರುತ್ತೇವೆ. ನನಗೇ ಆಗಿದೆ. ಒಂದು ರಾತ್ರಿ ಮಂಡ್ಯದ ಚೌಟ್ರಿಯಲ್ಲಿ ಆರತಕ್ಷತೆ ಇತ್ತು. ಎಲ್ಲಾ ಕಡೆ ಹಳದಿ ಬಲ್ಬು. ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೊದ ಬಣ್ಣ ಸರಿ ಮಾಡುವ ಸೆಟ್ಟಿಂಗನ್ನು, ಬಲ್ಬಿನ ಗುರುತಿಗೆ ಇಟ್ಟೆ. ಮರುದಿನ ಬೆಳಗ್ಗೆ ಗಂಡು ಹೆಣ್ಣನ್ನು ಕರೆದುಕೊಂಡು ಮೇಲುಕೋಟೆಗೆ ಹೋದೆವು. ಕಲ್ಯಾಣಿಯ ಮೆಟ್ಟಿಲ ಮೇಲೆ, ರಾಯಗೋಪುರದ ಕಂಬಗಳ ನಡುವೆ ಮುನ್ನೂರು ಫೋಟೊ ತೆಗೆದೆ. ಮುನ್ನೂರೂ ನೀಲಿ. ಮದುಮಗಳ ಅರಿಶಿನದ ಕೆನ್ನೆ ನೇರಳೆ ಹಣ್ಣು ತಿಂದು ಒರೆಸಿಕೊಂಡ ಹಾಗೆ ಕಾಣುತ್ತಿತ್ತು. ರಾ ಫೈಲ್‌ನಲ್ಲಿ ತೆಗೆದಿದ್ದೆ, ಅದರಲ್ಲಿ ಕ್ಯಾಮೆರಾ ಕಂಡದ್ದೆಲ್ಲ ಹಾಗೇ ಉಳಿದಿರುತ್ತದೆ, ಹಾಗಾಗಿ ಬಣ್ಣ ಸರಿ ಮಾಡಲು ಆಯಿತು. ಬರೀ ಜೆಪೆಗ್, ಅಂದರೆ ಕುಗ್ಗಿಸಿದ ಮಾಮೂಲಿ ಫೈಲ್ ಆಗಿದ್ದರೆ ಆ ಮನೆಯವರ ಎದುರು ತಲೆ ಎತ್ತಲು ಆಗುತ್ತಿರಲಿಲ್ಲ.

ಹೀಗೇ ಇನ್ನೆರಡು ಮರೆವು ಇವೆ. ರಾತ್ರಿ ಏರಿಸಿದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲೇ ಉಳಿದಿರುತ್ತದೆ, ಬಿಸಿಲಲ್ಲೂ ಫೋಟೊ ರವೆ ರವೆಯಾಗಿ ಬರುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊವನ್ನು ಬೇಕಾದಷ್ಟು ಬೆಳ್ಳಗೆ, ಕಪ್ಪಗೆ ಮಾಡುವ ಸೆಟ್ಟಿಂಗ್) ಪ್ಲಸ್ ಒಂದಕ್ಕೋ ಮೈನಸ್ ಒಂದಕ್ಕೋ ಜರುಗಿರುತ್ತದೆ, ಎಲ್ಲಾ ಫೋಟೊ ಒಂದೇ ಹದದಲ್ಲಿ ಬೆಳ್ಳಗೋ ಕಪ್ಪಗೋ ಬರುತ್ತದೆ.

ಕ್ಯಾಮೆರಾ ನಿಜವಾಗಿಯೂ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಫಿಲ್ಮ್ ಕಾಲದ ಒಂದು ಲೆಕ್ಕ ಇದೆ. ಮೋಡವಿಲ್ಲದ ದಿನ, ಚೆನ್ನಾಗಿ ಬಿಸಿಲು ಬಿದ್ದಿರುವಾಗ, ಮ್ಯಾನ್ಯುಯಲ್‌ನಲ್ಲಿ ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ, ಎಫ್ 16ಕ್ಕೆ ಇಡಿ. ಐಎಸ್‌ಒ 100, ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 125ನೇ ಒಂದು ಭಾಗ. ಬೆನ್ನಿಗೆ ಬಿಸಿಲು ಇಟ್ಟುಕೊಂಡು ಎದುರಿನ ಮನೆಯನ್ನೋ ಮರವನ್ನೋ ತೆಗೆಯಿರಿ. ಹೆಚ್ಚುಕಡಿಮೆ ಸರಿಯಾದ ಫೋಟೊ ಬರಲೇಬೇಕು. ಸೂರ್ಯನ ಬಿಸಿಲು ಎಲ್ಲಾ ಊರಲ್ಲೂ ಒಂದೇ ಅಲ್ವಾ? ಆಗಲೂ ತೀರಾ ಕಪ್ಪು ಅಥವಾ ತೀರಾ ಬಿಳಿ ಬಂದರೆ ಶಟರಿನಲ್ಲೋ ಅಪರ್ಚರಿನಲ್ಲೋ ತೊಂದರೆ ಇದೆ. ರಿಪೇರಿಯವರ ಹತ್ತಿರ ಹೋಗಿ. ಫೋನುಗಳಲ್ಲಿ ಅಪರ್ಚರ್ ಸಾಮಾನ್ಯವಾಗಿ ಬದಲಾಗುವುದಿಲ್ಲ, ಅವಕ್ಕೆ ಈ ಪರೀಕ್ಷೆ ಬೇಡ.

“ಮುಖ ಕಪ್ಪು, ಹಿಂದಿಂದೆಲ್ಲ ಚೆನ್ನಾಗದೆ”

ಭಾವನ ಕೇಸು ಇದೇ. ಕ್ಯಾಮೆರಾ ತನ್ನ ಮುಂದಿರುವ ಎಲ್ಲಾ ಬೆಳಕನ್ನು ಸೇರಿಸಿ ಸರಾಸರಿ ತೆಗೆಯುತ್ತದೆ. ಮುಕ್ಕಾಲು ಭಾಗ ಹೊಳೆಯುವ ಆಕಾಶ ಇದ್ದರೆ “ಬೆಳಕು ಜಾಸ್ತಿ ಆಯಿತು” ಎಂದು ಎಲ್ಲವನ್ನೂ ತಗ್ಗಿಸುತ್ತದೆ. ಆಕಾಶ ಹದಕ್ಕೆ ಬರುತ್ತದೆ, ಮುಖ ಕತ್ತಲಿಗೆ ಹೋಗುತ್ತದೆ. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಸಂಭಾಳಿಸುತ್ತದೆ. ಅದಕ್ಕೇ ತೆಗೆಯುವಾಗ ನಮಗೆ ಏನೂ ತಪ್ಪು ಕಾಣುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ನೆರಳು ನೋಡಿ. ಫೋಟೊದಲ್ಲಿ ನಿಂತವರ ನೆರಳು ಕ್ಯಾಮೆರಾ ಕಡೆಗೆ ಚಾಚಿದ್ದರೆ ಸೂರ್ಯ ಅವರ ಬೆನ್ನಿಗಿದ್ದಾನೆ. ನೆರಳೇ ಇಲ್ಲದಿದ್ದರೆ ಅವರು ಕಟ್ಟಡದ ನೆರಳಲ್ಲಿದ್ದಾರೆ, ಹಿಂದೆ ಆಕಾಶ ಬಯಲಾಗಿದೆ. ಸಂಜೆ ಅರಮನೆ ಮುಂದೆ ಆಗುವುದು ಬಹಳ ಸಲ ಈ ಎರಡನೆಯದು.

ಮದ್ದು ಏನು? ಜಾಗ ಬದಲಾಯಿಸಲು ಆದರೆ ಅದೇ ಮೊದಲ ಮದ್ದು. ಅರಮನೆಯನ್ನು ಜಾಗ ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಹೊತ್ತು ಬದಲಾಯಿಸಿ. ಅರಮನೆಯ ಒಳಗೆ ಬಿಡುವುದು ಬೆಳಗ್ಗೆ 10ಕ್ಕೆ. ಆಗಿನಿಂದ ಹನ್ನೊಂದರವರೆಗೆ ಎದುರಿನ ಗೋಡೆಗಳಿಗೆಲ್ಲ ಬಿಸಿಲು ಇರುತ್ತದೆ. ಕಮಾನು, ಗುಮ್ಮಟ, ಜನ ಎಲ್ಲವೂ ಬೆಳಗುತ್ತವೆ. ಅದಕ್ಕಿಂತ ಮುಂಚಿನ ಎಳೆ ಬಿಸಿಲೇ ಬೇಕು ಅನ್ನುವವರು ಪೂರ್ವದ ಜಯಮಾರ್ತಾಂಡ ದ್ವಾರದ ಹೊರಗಿಂದ ತೆಗೆಯಬೇಕು.

ಸಂಜೆಯೇ ಬಂದಿದ್ದೀರಿ, ಬೇರೆ ದಾರಿ ಇಲ್ಲ ಅನ್ನಿ. ಫೋನಿನ ತೆರೆಯ ಮೇಲೆ ಮುಖವನ್ನು ಒತ್ತಿ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬಂದರೆ ಅದನ್ನು ಮೇಲಕ್ಕೆ ಎಳೆಯಿರಿ. ಮುಖ ಬೆಳಗುತ್ತದೆ, ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಹೋಗಲಿ ಬಿಡಿ, ಮನೆಯವರ ಮುಖ ಮುಖ್ಯ ತಾನೆ? ಎಚ್‌ಡಿಆರ್, ಅಂದರೆ ಬೆಳಕು ಕತ್ತಲು ಎರಡನ್ನೂ ಸೇರಿಸಿ ಹಿಡಿಯುವ ಸೆಟ್ಟಿಂಗ್, ಇದ್ದರೆ ಹಾಕಿ, ಸ್ವಲ್ಪ ಎರಡೂ ಉಳಿಯುತ್ತವೆ. ಫ್ಲ್ಯಾಶ್ ಹಗಲಲ್ಲೂ ಹಾಕಬಹುದು. ಆದರೆ ಫೋನಿನ ಫ್ಲ್ಯಾಶ್ ಎಂಟು ಹತ್ತು ಅಡಿ ದಾಟುವುದಿಲ್ಲ. ಏಳು ಜನರನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ ಫ್ಲ್ಯಾಶ್ ಹೊಡೆಯುವುದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಒಬ್ಬರೋ ಇಬ್ಬರೋ ಆದರೆ ಬಿಳಿ ಪಂಚೆಯನ್ನು ಇಬ್ಬರು ಹಿಡಿದು, ಮುಖದಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಬೆಳಕು ಅದರ ಮೇಲೆ ಬಿದ್ದು ವಾಪಸ್ ಬರುವಂತೆ ವಾಲಿಸಿ. ಥರ್ಮಾಕೋಲ್ ಶೀಟಾದರೂ ಸರಿ. ದುಬಾರಿ ರಿಫ್ಲೆಕ್ಟರ್ ಮಾಡುವುದೂ ಇಷ್ಟೇ ಕೆಲಸ.

“ಕಣ್ಣೇ ಕಾಣ್ತಿಲ್ಲ, ಮೂಗಿನ ಕೆಳಗೆ ಮೀಸೆ ಬಂದದೆ”

ಕಣ್ಣಿನ ಗುಳಿ ಕಪ್ಪು. ಹಣೆ, ಮೂಗಿನ ತುದಿ ಮಿರಮಿರ. ಮೂಗಿನ ನೆರಳು ತುಟಿಯ ಮೇಲೆ ಇಳಿದು ಹೆಂಗಸರಿಗೂ ಮೀಸೆ. ಇದು ನಡು ನೆತ್ತಿಯ ಬಿಸಿಲಿನ ಕೆಲಸ.

ಇಲ್ಲಿ ನಮ್ಮ ಊರಿನ ಸೂರ್ಯನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಮೈಸೂರು, ಮಂಡ್ಯ ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದ ಹತ್ತಿರ ಮತ್ತು ಆಗಸ್ಟ್ 20ರ ಆಸುಪಾಸು, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆ ಗಳಿಗೆಯಲ್ಲಿ ನೆರಳೇ ಇಲ್ಲ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಇಲ್ಲಿ ನಿಜವಾದ ನಡು ಮಧ್ಯಾಹ್ನ ಆಗುವುದು ಸುಮಾರು ಹನ್ನೆರಡೂ ಇಪ್ಪತ್ತಕ್ಕೆ. ಫೆಬ್ರವರಿಯಲ್ಲಿ ಇನ್ನೂ ಹದಿನೈದು ನಿಮಿಷ ತಡ.

ಡಿಸೆಂಬರಿನಲ್ಲಿ ಮಾತ್ರ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡು ಮಧ್ಯಾಹ್ನವೂ 56 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಇದೇ ಎತ್ತರಕ್ಕೆ ಅವನು ಬೆಳಗ್ಗೆ ಹತ್ತಕ್ಕೇ ಬಂದು ಕೂತಿರುತ್ತಾನೆ. ಅಂದರೆ ಡಿಸೆಂಬರಿನ ಹನ್ನೆರಡೂವರೆಯ ಬೆಳಕೂ ಬೇಸಿಗೆಯ ಬೆಳಗ್ಗೆ ಹತ್ತರ ಬೆಳಕೂ ಮುಖದ ಮೇಲೆ ಒಂದೇ ಥರ ಬೀಳುತ್ತವೆ. “ಬೆಳಗ್ಗೆ ಬೇಗ ತೆಗೆದೆ, ಆದರೂ ಹೀಗಾಯ್ತು” ಅನ್ನುವವರು ತಿಂಗಳು ಯಾವುದು ಎಂದು ನೋಡಿಕೊಳ್ಳಿ.

ಇಷ್ಟೆಲ್ಲ ನೆನಪಿಡಲು ಬೇಜಾರಾದರೆ ನೆರಳು ಅಳೆಯಿರಿ. ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಮುಖದ ಫೋಟೊ ತೆಗೆಯಬಹುದು. ನಿಮಗಿಂತ ಗಿಡ್ಡ ಆದರೆ ಬಿಸಿಲು ಬಿಟ್ಟು ನೆರಳಿಗೆ ಹೋಗಿ. ಮೊಬೈಲ್ ಆ್ಯಪ್ ಬೇಡ, ದಿಕ್ಸೂಚಿ ಬೇಡ.

ನೆರಳಿಗೆ ಅಂದರೆ ಎಲ್ಲಿಗೆ? ನನ್ನ ಮಟ್ಟಿಗೆ ಹಳೇ ಮನೆಯ ಜಗುಲಿಗಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಮೇಲೆ ಮಾಡು, ನೆತ್ತಿಯ ಬಿಸಿಲಿಗೆ ತಡೆ. ಮುಂದೆ ಬಯಲು, ಅಲ್ಲಿಂದ ಬೆಳಕು ಅಡ್ಡಲಾಗಿ ಮುಖಕ್ಕೆ ಬರುತ್ತದೆ. ಅಂಗಳದಲ್ಲಿ ಸಿಮೆಂಟೋ ಮರಳೋ ಇದ್ದರೆ ಕೆಳಗಿಂದಲೂ ಸ್ವಲ್ಪ ಬೆಳಕು ಎದ್ದು ಬಂದು ಕಣ್ಣಿನ ಗುಳಿ ತುಂಬುತ್ತದೆ. ಅಜ್ಜಿಯನ್ನು ಜಗುಲಿಯ ಒಳಗೆ ಗೋಡೆಗೆ ಒರಗಿಸಬೇಡಿ. ಬಿಸಿಲು ನೆಲದ ಮೇಲೆ ಗೆರೆ ಎಳೆದಿರುತ್ತದಲ್ಲ, ಆ ಗೆರೆಯಿಂದ ಒಂದೆರಡು ಅಡಿ ಒಳಗೆ ಹೊರಗಡೆ ಮುಖ ಮಾಡಿ ಕೂರಿಸಿ. ನೀವು ಅಂಗಳದಲ್ಲಿ ನಿಂತು ತೆಗೆಯಿರಿ. ಒಳಗಿನ ಕತ್ತಲು ಹಿಂದೆ ಪರದೆಯ ಹಾಗೆ ನಿಲ್ಲುತ್ತದೆ.

ಮರದಡಿಗೆ ಹೋದರೆ ಹೊಸ ದೋಷ ಶುರುವಾಗುತ್ತದೆ: ಮುಖದ ಮೇಲೆ ಬೆಳಕಿನ ಚುಕ್ಕೆ. ಎಲೆಗಳ ಸಂದಿಯಿಂದ ಸೋರುವ ಬಿಸಿಲು ಅದು. ಕೆನ್ನೆ ಮೇಲೊಂದು, ಹಣೆ ಮೇಲೆ ಎರಡು. ತಿದ್ದಲು ಕೂತರೆ ರಾತ್ರಿ ಕಳೆಯುತ್ತದೆ. ಹೊಂಗೆಯಂಥ ದಟ್ಟ ಮರ ಹುಡುಕಿ. ನಿಲ್ಲಿಸುವ ಮೊದಲು ನೆಲ ನೋಡಿ, ನೆಲದ ಮೇಲೆ ಚುಕ್ಕೆ ಇದ್ದರೆ ಮುಖದ ಮೇಲೂ ಇರುತ್ತದೆ.

ಇದಕ್ಕೇ ಸೇರಿದ ಇನ್ನೊಂದು ದೂರು: “ಗೋಲ್ಡನ್ ಅವರ್‌ನಲ್ಲೇ ತೆಗೆದೆವು, ಬಂಗಾರ ಬರಲೇ ಇಲ್ಲ.” ಸೂರ್ಯ ಮುಳುಗುವ ಮುಂಚಿನ ಬಂಗಾರದ ಬೆಳಕಿನ ಹೊತ್ತಿಗೆ ಈ ಹೆಸರು. ಹೆಸರು ನಂಬಿ ಮೋಸ ಹೋಗಬೇಡಿ. ಅವರ್ ಅಂದರೆ ಒಂದು ಗಂಟೆ ಅನ್ನುವುದು ದೂರದ ಚಳಿ ದೇಶಗಳ ಲೆಕ್ಕ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ನಿಧಾನಕ್ಕೆ ಮುಳುಗುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. 6 ಡಿಗ್ರಿ ಎತ್ತರದಿಂದ ಮುಳುಗುವವರೆಗೆ ಇಲ್ಲಿ ಸಿಗುವುದು ಸುಮಾರು ಅರ್ಧ ಗಂಟೆ. ಸೀರೆಯ ನೆರಿಗೆ ಸರಿ ಮಾಡುವುದರಲ್ಲೇ ಅದು ಮುಗಿಯುತ್ತದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಸಂಜೆ ಫೋಟೊ ಬೇಕೆಂದರೆ ನಾನು ಒಂದು ಗಂಟೆ ಮೊದಲೇ ಎಲ್ಲರನ್ನೂ ತಯಾರು ಮಾಡಿ ನಿಲ್ಲಿಸಿಕೊಳ್ಳುತ್ತೇನೆ. ಬೈಸಿಕೊಳ್ಳುತ್ತೇನೆ ಕೂಡ.

“ಮುಖ ಹಸಿರಾಗದೆ”

ಮಂಡ್ಯದ ಕಡೆ ನಿಶ್ಚಿತಾರ್ಥದ ಫೋಟೊ ಅಂದರೆ ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆ ಏರಿ ಇರಲೇಬೇಕು. ಹಸಿರಿನ ನಡುವೆ ನಿಂತರೆ ಚಂದ ಎಂದು ಗದ್ದೆಯ ಒಳಗೇ ಇಳಿಯುತ್ತಾರೆ. ಸುತ್ತಲಿನ ಎಲೆಗಳು ಬಿಸಿಲನ್ನು ಹಸಿರಾಗಿ ಎರಚುತ್ತವೆ. ಗಲ್ಲದ ಕೆಳಗೆ, ಕುತ್ತಿಗೆಯಲ್ಲಿ, ಬಿಳಿ ಶರ್ಟಿನ ಮೇಲೆ ಹಸಿರು ಛಾಯೆ ಬರುತ್ತದೆ. ವೈಟ್ ಬ್ಯಾಲೆನ್ಸ್ ತಿರುಗಿಸಿದರೆ ಇದು ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಹಣೆಗೆ ಬರುವುದು ಆಕಾಶದ ಬೆಳಕು, ಗಲ್ಲಕ್ಕೆ ಬರುವುದು ಗದ್ದೆಯ ಬೆಳಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ನಾಲೆ ಏರಿಯ ಮಣ್ಣಿನ ದಾರಿ ಮೇಲೆ ನಿಲ್ಲಿಸಿ, ಗದ್ದೆ ಹತ್ತು ಹದಿನೈದು ಅಡಿ ಹಿಂದೆ ಇರಲಿ. ಹಸಿರು ಹಿಂದೆ ಹಾಗೇ ಉಳಿಯುತ್ತದೆ, ಮುಖಕ್ಕೆ ತಾಗುವುದಿಲ್ಲ.

ಶಾಮಿಯಾನದ ಕಾಟವೂ ಇದೇ ಜಾತಿಯದು. ಹಳದಿ ಶಾಮಿಯಾನದ ಕೆಳಗೆ ಎಲ್ಲರಿಗೂ ಕಾಮಾಲೆ, ಕೆಂಪು ಬಟ್ಟೆಯ ಕೆಳಗೆ ಎಲ್ಲರಿಗೂ ಜ್ವರ. ಮುಖ್ಯವಾದ ಗುಂಪು ಫೋಟೊವನ್ನು ಶಾಮಿಯಾನದಿಂದ ಆಚೆ ಕರೆದು, ಯಾವುದಾದರೂ ಗೋಡೆಯ ನೆರಳಲ್ಲಿ ತೆಗೆಯಿರಿ. ಬಾಡೂಟ ಆರಿ ಹೋಗುತ್ತೆ ಎಂದು ಯಜಮಾನರು ಗೊಣಗಿದರೂ ಸರಿ.

ಬರೀ ನೆರಳಲ್ಲಿ ತೆಗೆದ ಫೋಟೊ ತಣ್ಣಗೆ ನೀಲಿಯಾಗಿ ಕಾಣುವುದು ಬೇರೆ. ಅಲ್ಲಿಗೆ ಸೂರ್ಯನ ನೇರ ಬೆಳಕು ಬರುವುದಿಲ್ಲ, ನೀಲಿ ಆಕಾಶದ ಬೆಳಕು ಬರುತ್ತದೆ. ಮಧ್ಯಾಹ್ನದ ಬಿಸಿಲು ಸುಮಾರು 5,500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಏರಿದಷ್ಟೂ ನೀಲಿ) ಆದರೆ ನೆರಳು 7,000 ದಾಟುತ್ತದೆ. ವೈಟ್ ಬ್ಯಾಲೆನ್ಸನ್ನು ನೆರಳಿನ ಗುರುತಿಗೆ ಇಟ್ಟರೆ ಬಣ್ಣ ಬೆಚ್ಚಗಾಗುತ್ತದೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆ.

“ಬಿಳೀದು ಮಾಸಲು, ಕರೀದು ಬೂದಿ”

ಈ ದೋಷ ಅರ್ಥವಾಗಬೇಕೆಂದರೆ ಒಂದು ಬೆಳಗ್ಗೆ ಎರಡು ಕಡೆ ಹೋಗಿ ಬನ್ನಿ. ಮೊದಲು ಚಾಮುಂಡಿ ಬೆಟ್ಟದ ನಂದಿ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ್ದು, ಎಣ್ಣೆ ಕುಡಿದು ಮಿರಿಮಿರಿ ಕಪ್ಪಾಗಿದೆ. ಫೋಟೊ ತುಂಬಾ ನಂದಿಯೇ ಬರುವಂತೆ ತೆಗೆಯಿರಿ. ಆಮೇಲೆ ಬೆಟ್ಟದ ಬುಡದ ಲಲಿತಮಹಲ್. 1921ರಲ್ಲಿ ಕಟ್ಟಿಸಿದ ಅಚ್ಚ ಬಿಳಿ ಅರಮನೆ. ಅದನ್ನೂ ಫೋಟೊ ತುಂಬಾ ತೆಗೆಯಿರಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಂದಿ ಬೂದಿ ಬಳಿದ ಹಾಗೆ, ಲಲಿತಮಹಲ್ ಮಳೆಗೆ ಮಾಸಿದ ಹಾಗೆ. ಎರಡೂ ಒಂದೇ ಬೂದು ಬಣ್ಣದ ಕಡೆಗೆ ಹೊರಟಿರುತ್ತವೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಕಪ್ಪು ಬಿಳುಪು ಗೊತ್ತಿಲ್ಲ. ಮುಂದೆ ಇರುವುದೆಲ್ಲ ನಡು ಬೂದು, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ವಾಪಸ್ ಕೊಡುವ ವಸ್ತು ಎಂದೇ ಅದು ನಂಬಿಕೊಂಡಿದೆ. ಕಪ್ಪು ಕಂಡರೆ ಬೆಳಕು ಸಾಲದು ಎಂದು ಏರಿಸುತ್ತದೆ. ಬಿಳಿ ಕಂಡರೆ ಜಾಸ್ತಿಯಾಯಿತು ಎಂದು ಇಳಿಸುತ್ತದೆ. ಹಾಗಾಗಿ ನಾವು ಅದರ ಎದುರು ಹೋಗಬೇಕು. ಫೋಟೊ ತುಂಬಾ ಬಿಳಿ ಇದ್ದರೆ ಕಾಂಪೆನ್ಸೇಶನ್ ಪ್ಲಸ್ ಒಂದು, ಫೋಟೊ ತುಂಬಾ ಕಪ್ಪು ಇದ್ದರೆ ಮೈನಸ್ ಒಂದು. ಬಿಳಿಗೆ ಮೈನಸ್ ಹಾಕಬೇಕು ಎಂದು ಎಲ್ಲರ ಕೈ ಹೋಗುತ್ತದೆ. ಉಲ್ಟಾ.

ಆದರೆ ಇಲ್ಲಿ ಒಂದು ತಿರುವು ಇದೆ, ರಂಗನತಿಟ್ಟಿಗೆ ಹೋದವರೆಲ್ಲ ಎಡವುವುದು ಇದರಲ್ಲೇ. ದೋಣಿಯಿಂದ ಬೆಳ್ಳಕ್ಕಿ ತೆಗೆಯುತ್ತೀರಿ. ಹಕ್ಕಿ ಬಿಳಿ ಅಲ್ವಾ, ಹಾಗಾಗಿ ಪ್ಲಸ್ ಒಂದು ಹಾಕುತ್ತೀರಿ. ಹಕ್ಕಿ ಸುಣ್ಣದ ಉಂಡೆಯಾಗಿ ಬರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಯಾಕೆ? ಹಕ್ಕಿ ಫೋಟೊದ ಮೂಲೆಯಲ್ಲಿ ಅಂಗೈಯಷ್ಟಿದೆ, ಉಳಿದದ್ದೆಲ್ಲ ಕಪ್ಪು ಬಂಡೆ, ದಟ್ಟ ಮರ. ಮೀಟರ್ ನೋಡಿದ್ದು ಆ ಕಪ್ಪನ್ನು. ಅದು ಆಗಲೇ ಬೆಳಕು ಏರಿಸಿತ್ತು, ನೀವು ಇನ್ನೂ ಏರಿಸಿದಿರಿ. ಅಲ್ಲಿ ಮೈನಸ್ ಒಂದು ಬೇಕು. ಹಕ್ಕಿ ಫೋಟೊ ತುಂಬಿದರೆ ಪ್ಲಸ್, ಕಪ್ಪಿನ ನಡುವೆ ಚುಕ್ಕೆಯಾಗಿದ್ದರೆ ಮೈನಸ್.

ದಸರೆಯ ಅಂಬಾರಿಯದೂ ಇದೇ ಕಥೆ. 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಮೇಲೆ, ಕೆಳಗೆ ಕಪ್ಪು ಆನೆ, ಅದರ ಸುತ್ತ ನೆರಳಾದ ರಸ್ತೆ. ಕ್ಯಾಮೆರಾ ಆನೆಯನ್ನು ನಂಬಿದರೆ ಅಂಬಾರಿ ಬಿಳಿ ಬಲ್ಬಿನಂತಾಗುತ್ತದೆ. ಫೋನಿನಲ್ಲಿ ಅಂಬಾರಿಯನ್ನೇ ಒತ್ತಿ, ಸೂರ್ಯನ ಗುರುತನ್ನು ಕೊಂಚ ಕೆಳಕ್ಕೆ ಎಳೆಯಿರಿ. ಆನೆ ಕಪ್ಪಾದರೆ ಆಮೇಲೆ ಎತ್ತಬಹುದು. ಸುಟ್ಟುಹೋದ ಬಿಳಿಯೊಳಗೆ ಮಾತ್ರ ಏನೂ ಉಳಿದಿರುವುದಿಲ್ಲ, ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

“ಕೆತ್ತನೆ ಎದ್ದು ಕಾಣ್ತಿಲ್ಲ”

ಸೋಮನಾಥಪುರದ ಕೇಶವ ದೇವಾಲಯಕ್ಕೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. 13ನೇ ಶತಮಾನದ ಹೊಯ್ಸಳ ಗುಡಿ. ಆನೆ ಸಾಲು, ಕುದುರೆ ಸಾಲು, ಬಳ್ಳಿ, ಪುರಾಣದ ಕಥೆ, ಅದರ ಮೇಲೆ ದೇವರುಗಳು. ಎದುರಿಗೆ ನಿಂತಾಗ ಮೈ ಜುಮ್ಮೆನ್ನುತ್ತದೆ. ಮನೆಗೆ ಬಂದು ಫೋಟೊ ನೋಡಿದರೆ ಬೂದು ಕಲ್ಲಿನ ಮೇಲೆ ಬೂದು ಗೀಚು.

ಮೊದಲ ಸಲ ನಾನು ಲೆನ್ಸ್ ಸಾಲದು ಅಂದುಕೊಂಡೆ. ಎರಡನೇ ಸಲ ಸಾಲ ಮಾಡಿ ಹೊಸ ಲೆನ್ಸ್ ಕೊಂಡು ಹೋದೆ. ಅದೇ ಗೀಚು, ಇನ್ನೂ ಸ್ಪಷ್ಟವಾಗಿ. ಎರಡು ಸಲವೂ ಮೋಡದ ದಿನ ಹೋಗಿದ್ದೆ. ಮೋಡದ ಬೆಳಕು ಎಲ್ಲಾ ಕಡೆಯಿಂದ ಸಮನಾಗಿ ಬರುತ್ತದೆ. ಮುಖಕ್ಕೆ ಅದು ವರ, ಸುಕ್ಕು ಮುಚ್ಚುತ್ತದೆ. ಕಲ್ಲಿಗೆ ಅದು ಶಾಪ. ಕೆತ್ತನೆ ಅಂದರೆ ಉಬ್ಬು ತಗ್ಗು. ಉಬ್ಬಿನ ಪಕ್ಕ ನೆರಳು ಬಿದ್ದರೆ ಮಾತ್ರ ಕಣ್ಣಿಗೆ ಉಬ್ಬು ಕಾಣುತ್ತದೆ. ಬಿಸಿಲು ಗೋಡೆಗೆ ಎದುರಿಂದ ಹೊಡೆದರೂ ನೆರಳು ಉಬ್ಬಿನ ಹಿಂದೆಯೇ ಅಡಗುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಅಡ್ಡಲಾಗಿ ಹಾಯಬೇಕು. ಆಗ ಒಂದೊಂದು ಮಣಿಗೂ ತನ್ನದೇ ನೆರಳು ಬರುತ್ತದೆ.

ಈ ಗುಡಿಯ ಗರ್ಭಗುಡಿಗಳ ಹೊರಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮಡಿಚಿಕೊಂಡಿದೆ. ಅದೇ ಅನುಕೂಲ. ಬಿಸಿಲಿರುವ ಯಾವ ಹೊತ್ತಿನಲ್ಲಿ ಹೋದರೂ ಯಾವುದೋ ಒಂದು ಮುಖಕ್ಕೆ ಬಿಸಿಲು ಅಡ್ಡ ಹಾಯುತ್ತಿರುತ್ತದೆ. ಸುಮ್ನೆ ಒಂದು ಕಡೆ ನಿಂತು ಕಾಯಬೇಡಿ, ಬೆಳಕು ಸವರುತ್ತಿರುವ ಮುಖ ಹುಡುಕುತ್ತಾ ಸುತ್ತು ಹಾಕಿ. ಗುರುತು ಹಿಡಿಯಲು ಬೆರಳು ಸಾಕು. ಗೋಡೆ ಮುಟ್ಟದೆ, ಹತ್ತಿರದಲ್ಲಿ ಬೆರಳನ್ನು ಗೋಡೆಗೆ ನೇರವಾಗಿ ಚಾಚಿ. ಬೆರಳಿನ ನೆರಳು ಗೋಡೆ ಮೇಲೆ ಉದ್ದಕ್ಕೆ ಬಿದ್ದರೆ ಆ ಮುಖ ಈಗ ತಯಾರು.

ಉತ್ತರದ ಗೋಡೆಗಳ ಬಗ್ಗೆ ಒಂದು ಮಾತು. ಡಿಸೆಂಬರಿನಲ್ಲಿ ಹೋಗಿ ನೇರ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಬೀಳಲಿ ಎಂದು ಕಾದರೆ ಇಡೀ ದಿನ ಬೀಳುವುದಿಲ್ಲ. ಸೂರ್ಯ ದಕ್ಷಿಣದಲ್ಲೇ ಹಾದು ಹೋಗುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಉತ್ತರದ ಗೋಡೆಗೆ ಮೇಲಿಂದ ಸವರುವ ಬಿಸಿಲು ಸಿಗುವುದು ಆಗ. ಮಳೆಗಾಲ, ನಿಜ. ಮೋಡ ಸರಿಯುವವರೆಗೆ ಕೈಸಾಲೆಯಲ್ಲಿ ಕೂತು ಕಡಲೆಕಾಯಿ ನೆನೆಸಿಕೊಳ್ಳುತ್ತಾ ಕಾಯಬೇಕು.

ಚಿಲ್ಲರೆ ದೋಷಗಳು

ಫೋಟೊದಲ್ಲಿ ಬಣ್ಣದ ಉಂಗುರ, ಅಥವಾ ಒಂದು ಮೂಲೆಯಿಂದ ಬಿಳಿ ಪರದೆ ಬಂದಿದ್ದರೆ ಬಿಸಿಲು ನೇರವಾಗಿ ಲೆನ್ಸ್ ಮೇಲೆ ಬಿದ್ದಿದೆ. ಎಡಗೈಯನ್ನು ಹಣೆಗೆ ಹಿಡಿಯುವ ಹಾಗೆ ಲೆನ್ಸ್ ಮೇಲೆ ಹಿಡಿಯಿರಿ, ಕೈ ಮಾತ್ರ ಫೋಟೊದೊಳಗೆ ಬರದಿರಲಿ.

ಚಾಮುಂಡಿ ಬೆಟ್ಟದಿಂದ ಊರು ಮಬ್ಬಾಗಿ ಕಂಡರೆ ಅದು ಗಾಳಿಯಲ್ಲಿನ ಧೂಳು. ಯಾವ ಸೆಟ್ಟಿಂಗೂ ಬೇಡ, ಜೋರು ಮಳೆ ಬಂದ ಮರುದಿನ ಹತ್ತಿ.

ಕುಕ್ಕರಹಳ್ಳಿ ಕೆರೆಯ ನೀರು ಬರೀ ಹೊಳಪಾಗಿ ಬಂದರೆ ಪೋಲರೈಸರ್, ಅಂದರೆ ಹೊಳಪು ತಡೆಯುವ ಗಾಜು, ಲೆನ್ಸಿಗೆ ಹಾಕಿ ತಿರುಗಿಸಿ. ಫೋನ್ ಆದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸ್ ಮುಂದೆ ಹಿಡಿದು ತಿರುಗಿಸಿ ನೋಡಿ. ಕೆಲಸ ಆಗುತ್ತದೆ, ನೋಡುವವರು ನಗುತ್ತಾರೆ.

ಫೋಟೊ ಮಸುಕಾಗಿದ್ದರೆ ಮೊದಲು ದೊಡ್ಡದು ಮಾಡಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಓಡುವ ಮಗು ಮಾತ್ರ ಮಸುಕು, ಗೋಡೆ ಸ್ಪಷ್ಟ ಎಂದರೆ ಶಟರ್ ನಿಧಾನವಾಗಿದೆ. ಮಗು ಮಸುಕು, ಅದರ ಹಿಂದಿನ ಗಿಡ ಸ್ಪಷ್ಟ, ಮಗು ಓಡುತ್ತಲೂ ಇರಲಿಲ್ಲ ಎಂದರೆ ಫೋಕಸ್ ಗಿಡಕ್ಕೆ ಹೋಗಿದೆ. ಸೂರ್ಯ ಮುಳುಗುವ ಹೊತ್ತಿಗೆ ಬೆಳಕು ನಿಮಿಷ ನಿಮಿಷಕ್ಕೆ ಇಳಿಯುತ್ತದೆ, ಆಟೊದಲ್ಲಿರುವ ಕ್ಯಾಮೆರಾ ನಿಮಗೆ ಹೇಳದೆ ಶಟರ್ ನಿಧಾನ ಮಾಡುತ್ತಾ ಹೋಗುತ್ತದೆ. ಆಗ ಐಎಸ್‌ಒ ಏರಿಸಿ. ರವೆ ಬಂದರೂ ಪರವಾಗಿಲ್ಲ, ಮಸುಕಿಗಿಂತ ರವೆ ಮೇಲು.

ಮತ್ತೆ ಭಾವ

ಜನವರಿಯಲ್ಲಿ ಭಾವ ಹಠ ಹಿಡಿದು ಮತ್ತೆ ಬಂದರು. ನಾನು ಹೇಳಿದ ಹಾಗೇ ಅರಮನೆಗೆ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ಅರಮನೆ ಬೆಳಗಿತ್ತು, ಏಳು ಮುಖಗಳೂ ಬೆಳಗಿದ್ದವು. ವಾಯ್ಸ್ ಮೆಸೇಜು ಬಂತು: “ಮಖ ಏನೋ ಕಾಣ್ತದೆ ಕಣಪ್ಪ. ಈಗ ಕಣ್ಣೇ ಕಾಣಾಕಿಲ್ಲ. ಎಲ್ರೂ ಕಣ್ ಮುಚ್ಕಂಡವ್ರೆ.”

ಬಿಸಿಲಿಗೆ ನೇರ ಮುಖ ಮಾಡಿ ನಿಲ್ಲಿಸಿದ್ದರು. ಅಷ್ಟು ಬೆಳಕಿಗೆ ಯಾರ ಕಣ್ಣೂ ತೆರೆಯುವುದಿಲ್ಲ. ಎಲ್ಲರನ್ನೂ ಸೂರ್ಯನಿಂದ ಸ್ವಲ್ಪ ಓರೆಗೆ ತಿರುಗಿಸಿ, ಬಿಸಿಲು ಒಂದು ಕೆನ್ನೆಗೆ ಹೆಚ್ಚು ಬೀಳಲಿ ಎಂದೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಲಿ, ನೀವು ಒಂದು ಎರಡು ಮೂರು ಎಣಿಸಿ, ಮೂರಕ್ಕೆ ತೆರೆಯಲಿ, ಆ ಕ್ಷಣದಲ್ಲೇ ಕ್ಲಿಕ್ ಮಾಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಫೋಟೊ ಬಂತು. ಆರು ಜನರ ಕಣ್ಣು ತೆರೆದಿದೆ. ಅತ್ತೆಯವರು ಎರಡಕ್ಕೇ ತೆರೆದು, ಮೂರಕ್ಕೆ ಮುಚ್ಚಿಬಿಟ್ಟಿದ್ದಾರೆ.